ನಾಲ್ಕು ಬೆರಳು ಕೆಳಗೆ

ಪೆರಂಬೂರು
19 ಜನವರಿ 2025

ಚಿ. ಕೋಮಲಾಳಿಗೆ,

ನಿನ್ನ ಯಂತ್ರ ಬಂದು ಮುಟ್ಟಿತು. ನೀನು ಬರಲಿಲ್ಲ.

ನಿಮ್ಮ ಕಂಪನಿಯ ಇಂಜಿನಿಯರ್ ಕೌಶಿಕ್ ಅದನ್ನು ನನ್ನ ಪೂಜೆಯ ಕುರ್ಚಿಯ ಎಡಕ್ಕೆ ಬೋಲ್ಟು ಹಾಕಿ ನಿಲ್ಲಿಸಿ ಹೋದ. ಮಾತುಗಾರ. ಲಕ್ವ ಹೊಡೆದದ್ದು ಯಾವಾಗ, ಎಡಗೈ ಎಷ್ಟು ಏಳುತ್ತದೆ, ರೈಲು ಡಬ್ಬಿ ಕಾರ್ಖಾನೆಯಲ್ಲಿ ನಾನು ಯಾವ ಶಾಪಿನಲ್ಲಿದ್ದೆ, ಎಲ್ಲವನ್ನೂ ತಮಿಳಿನಲ್ಲಿ ಕೇಳಿದ. ಮಗಳು ಯಾಕೆ ಬರಲಿಲ್ಲ ಎಂದು ಮಾತ್ರ ಕೇಳಲಿಲ್ಲ. ನೀನೇ ಹೇಳಿಕೊಟ್ಟು ಕಳಿಸಿರಬೇಕು.

ಫೋನ್ ಮಾಡದೆ ಕಾಗದ ಬರೆಯುವುದಕ್ಕೆ ಕಾರಣವಿದೆ. ಬಾಯಿ ಒಂದು ಕಡೆ ಎಳೆದ ಮೇಲೆ ಫೋನಿನಲ್ಲಿ ನನ್ನ ಮಾತು ತೊದಲುತ್ತದೆ, ಒಂದೊಂದು ಮಾತಿಗೂ "ಏನು, ಏನು" ಅನ್ನಿಸಿಕೊಳ್ಳುವ ಸಹನೆ ನನಗಿಲ್ಲ. ಬಲಗೈ ನೆಟ್ಟಗಿದೆ. ನೀನೂ ಕಾಗದದಲ್ಲೇ ಉತ್ತರ ಬರೆ. ಶಾಲೆಯಲ್ಲಿ ತಮಿಳು ಕಲಿತು ಬಂದವಳನ್ನು ಸಂಜೆ ಕೂಡ್ರಿಸಿಕೊಂಡು ಕಲಿಸಿದ ಕನ್ನಡ ಇನ್ನೂ ಉಳಿದಿದೆಯೋ ನೋಡೋಣ.

ಯಂತ್ರವನ್ನು ಒಪ್ಪಿಕೊಂಡದ್ದು ನಿನ್ನ ಅವ್ವನ ಕಾಟಕ್ಕೆ. ಇಷ್ಟಲಿಂಗದ ಪೂಜೆಯಾಗದೆ ನಾನು ಹನಿ ನೀರೂ ಮುಟ್ಟುವವನಲ್ಲ, ಅದು ನಿನಗೆ ಗೊತ್ತು. ಎಡ ಅಂಗೈಯ ಮೇಲೆ ಲಿಂಗವಿರಬೇಕು, ಬೆನ್ನು ಕತ್ತು ನೆಟ್ಟಗಿರಬೇಕು, ಕೈ ಕಣ್ಣಿನ ನೇರಕ್ಕೆ ಬಂದು ದೃಷ್ಟಿ ಅಲ್ಲೇ ನಿಲ್ಲಬೇಕು. ಗುರುಗಳು ಹಾಗೆ ಕಲಿಸಿದ್ದಾರೆ. ದಿಂಬು ಇಟ್ಟು ನೋಡಿದೆ, ಹಲಗೆ ಇಟ್ಟು ನೋಡಿದೆ. ಕೈ ಇದ್ದಕ್ಕಿದ್ದಂತೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹಾಗೆ ಸೆಳೆದುಕೊಂಡ ದಿನ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ, ನೀನು ಅಲ್ಲೇ ಇದ್ದೆ. ಈಗ ಪೂಜೆ ಕೂಡಿಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತದೆ. ಸಕ್ಕರೆ ಕಾಯಿಲೆಯವರು ಹೀಗೆ ಹಸಿದು ಕೂತರೆ ಒಂದು ದಿನ ಏಳುವುದೇ ಇಲ್ಲ ಎಂದು ಡಾಕ್ಟರು ಹೆದರಿಸಿದ್ದಾರೆ. ಹೋದ ವಾರ ಕಣ್ಣು ಕತ್ತಲಿಟ್ಟು ಕುರ್ಚಿಯಲ್ಲೇ ವಾಲಿದೆನಂತೆ. ಅವ್ವ ಅತ್ತಳು.

ಒಂದು ಕರಾರು. ಯಂತ್ರಕ್ಕೆ ಕ್ಯಾಮೆರಾ ಇದೆ ಎಂದ ಕೌಶಿಕ್. ಅದು ನೋಡಲಿ, ಅದಕ್ಕೆ ಬೇಕು. ನೀನು ನೋಡಬಾರದು. ಪೂಜೆ ನನ್ನದು, ಅದನ್ನು ಶೋಳಿಂಗನಲ್ಲೂರಿನಲ್ಲಿ ಕೂತು ಯಾರೂ ನೋಡುವುದು ಬೇಡ.

ಶಿವರಾತ್ರಿಯವರೆಗೆ ನೋಡುತ್ತೇನೆ. ಆಗದಿದ್ದರೆ ಬಿಚ್ಚಿಸಿ ಕಳಿಸುತ್ತೇನೆ. ಆಮೇಲೆ ನನ್ನ ಹಸಿವಿನ ಸುದ್ದಿಗೆ ಯಾರೂ ಬರಕೂಡದು.

ನಿನ್ನ ತಂದೆ
ಮುರಿಗೆಪ್ಪ


ಶೋಳಿಂಗನಲ್ಲೂರ್
25 ಜನವರಿ 2025

ಅಪ್ಪಾಜಿಗೆ ಶರಣು.

ಕನ್ನಡ ಉಳಿದಿದೆ. ತಪ್ಪುಗಳಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ಇಟ್ಟುಕೊಳ್ಳಿ.

ಆ ದಿನದ್ದನ್ನು ನೀವು ಬರೆಯದಿದ್ದರೆ ನಾನು ಬರೆಯುತ್ತೇನೆ. ನಿಮ್ಮ ಕೈ ಸೆಳೆದುಕೊಂಡಿತು, ಲಿಂಗ ಜಾರಿತು, ನೆಲಕ್ಕೆ ಬೀಳುವ ಮುಂಚೆ ನಾನು ಹಿಡಿದೆ. ನಾನು ಲಿಂಗ ಕಟ್ಟಿಕೊಳ್ಳುವುದನ್ನು ಬಿಟ್ಟವಳೆಂದು ಆಗ ನೀವು ಅಂದದ್ದು: "ನಿಂದು ನಿನ್ನ ಕೊರಳಾಗಿಲ್ಲ. ನಂದ್ಯಾಕ ಹಿಡೀತಿ?" ಮಾತು ತೊದಲುತ್ತದೆ ಎನ್ನುತ್ತೀರಿ. ನನಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ಆಫೀಸು ದೂರವಾಗುತ್ತದೆ, ಅದಕ್ಕೇ ಇಲ್ಲಿ ರೂಮು ಮಾಡಿದ್ದೇನೆ ಎಂದು ಅವ್ವನಿಗೆ ಹೇಳಿದ್ದೇನೆ. ಅವಳು ನಂಬಿದ್ದಾಳೋ ಇಲ್ಲವೋ ಗೊತ್ತಿಲ್ಲ.

ಯಂತ್ರಕ್ಕೆ ಕೊರಳೇ ಇಲ್ಲ, ಆದ್ದರಿಂದ ನಿಮಗೆ ತಕರಾರಿರಲಾರದು. ಅದು ಲಿಂಗವನ್ನು ಮುಟ್ಟುವುದೂ ಇಲ್ಲ, ನಿಮ್ಮ ಕೈಯನ್ನು ಕೆಳಗಿನಿಂದ ಹೊರುತ್ತದೆ ಅಷ್ಟೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಸ್ಕ್ರೂ ಡ್ರೈವರ್ ಹಿಡಿದು ಬಿಚ್ಚಿ ನೋಡುತ್ತೀರಿ. ಕೈ ಈಗ ಎಲ್ಲಿದೆ ಎಂಬ ಒಂದು ಅಂದಾಜನ್ನು ಅದು ಸದಾ ಇಟ್ಟುಕೊಂಡಿರುತ್ತದೆ. ಕೈ ಎಲ್ಲಿರಬೇಕು ಎಂಬ ಆಸೆಯೂ ಅದಕ್ಕಿದೆ. ಕ್ಯಾಮೆರಾಕ್ಕೆ ಕಂಡದ್ದು ತಾನು ಅಂದುಕೊಂಡದ್ದಕ್ಕೆ ತಾಳೆಯಾಗದಿದ್ದರೆ ಎರಡು ದಾರಿ: ಅಂದಾಜನ್ನು ತಿದ್ದಿಕೊಳ್ಳಬೇಕು, ಇಲ್ಲವೇ ಕೈಯನ್ನು ಸರಿಸಬೇಕು. ಎರಡನ್ನೂ ಒಟ್ಟೊಟ್ಟಿಗೆ ಮಾಡುತ್ತಾ ಗುರಿಗೆ ಹತ್ತಿರವಾಗುತ್ತದೆ. ನಮ್ಮವರು ಇದನ್ನು ಆಕ್ಟಿವ್ ಇನ್ಫರೆನ್ಸ್ ಎನ್ನುತ್ತಾರೆ. ತೊಂದರೆ ಏನೆಂದರೆ, ಆಸೆ ಜೋರಾದಾಗ ಅದು ಅಂದಾಜನ್ನೇ ತನ್ನ ಕಡೆ ಎಳೆದುಕೊಂಡುಬಿಡುತ್ತದೆ. ಆಗ ಯಂತ್ರ ದಾರಿಯ ಮಧ್ಯದಲ್ಲೇ ನಿಂತು, ತಲುಪಿದ್ದೇನೆ ಎಂದು ಹಸಿರು ದೀಪ ಹಚ್ಚುತ್ತದೆ. ನಾನು ವರ್ಷದಿಂದ ಗುದ್ದಾಡುತ್ತಿರುವುದು ಇದರ ಜೊತೆಗೇ.

ನಿಮ್ಮ ಕರಾರು ಒಪ್ಪಿದೆ. ಚಿತ್ರಗಳು ಯಂತ್ರದೊಳಗೇ ಅಳಿಸಿಹೋಗುತ್ತವೆ. ನನಗೆ ಬರುವುದು ಒಂದು ಗೆರೆ ಮಾತ್ರ: ನಿಮ್ಮ ಕಣ್ಣಿನ ಮಟ್ಟಕ್ಕೂ ಅಂಗೈಗೂ ಇನ್ನೆಷ್ಟು ಅಂತರ ಉಳಿದಿದೆ ಎಂದು ಕ್ಯಾಮೆರಾ ಅಳೆದದ್ದು. ಗೆರೆ ಇಳಿದು ಸೊನ್ನೆಯಲ್ಲಿ ನಿಂತರೆ ಕೆಲಸವಾಯಿತು.

ನೀವು ಏನೂ ಸಹಾಯ ಮಾಡಬೇಡಿ. ಯಾವಾಗಲೂ ಕೂಡುವ ಹಾಗೆ ಕೂಡಿ.

ಕೋಮಲಾ


ಪೆರಂಬೂರು
3 ಫೆಬ್ರವರಿ 2025

ಚಿ. ಕೋಮಲಾಳಿಗೆ,

ನಿನ್ನ ಯಂತ್ರಕ್ಕೆ ಹಟ ಜಾಸ್ತಿ. ಕೈಯನ್ನು ನಾಜೂಕಾಗಿ ಎತ್ತುತ್ತದೆ, ಸೆಳೆತ ಬಂದರೆ ತಡೆದು ನಿಲ್ಲಿಸುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ನಾಲ್ಕು ಬೆರಳು ಕೆಳಗೆ ನಿಂತುಬಿಡುತ್ತದೆ. ನಿಂತು ಹಸಿರು ದೀಪ ಬೇರೆ. ನಾನು ಕಾಯುತ್ತೇನೆ, ಅದೂ ಕಾಯುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿರುವಾಗ ಒಳಗೆ ನಿನ್ನ ಅವ್ವ ಪಾತ್ರೆ ಕುಕ್ಕುವ ಸದ್ದು ಕೇಳುತ್ತದೆ.

ಸೌಕಾರ್‌ಪೇಟೆಯಿಂದ ನಿನ್ನ ಚಿಕ್ಕಪ್ಪ ಕುಮಾರಸ್ವಾಮಿ ಬಂದಿದ್ದ. ಜವಳಿ ಅಂಗಡಿ ಬಿಟ್ಟು ಇದನ್ನು ನೋಡಲೆಂದೇ ಬಂದ. ಸುತ್ತಲೂ ಓಡಾಡಿ ನೋಡಿ, ಕಬ್ಬಿಣದ ಕೈಗೂ ದೀಕ್ಷೆ ಕೊಡಿಸಿದೆಯಾ ಅಣ್ಣಾ ಎಂದು ಕೇಳಿದ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮಗಳು ಮಾಡಿದ್ದು ಎಂದಷ್ಟೇ ಹೇಳಿದೆ.

ಶನಿವಾರ ಮತ್ತೆ ಕಣ್ಣು ಕತ್ತಲೆ ಬಂತು. ಅವ್ವ ಬಾಯಿಗೆ ಸಕ್ಕರೆ ಹಾಕಲು ಬಂದಳು, ನಾನು ಹಲ್ಲು ಕಚ್ಚಿ ಹಿಡಿದೆ. ಅವಳು ಸಕ್ಕರೆಯನ್ನು ನೆಲಕ್ಕೆ ಚೆಲ್ಲಿ ಒಳಗೆ ಹೋದಳು.

ಶಿವರಾತ್ರಿ ದೂರವಿಲ್ಲ.

ಮುರಿಗೆಪ್ಪ


ಶೋಳಿಂಗನಲ್ಲೂರ್
9 ಫೆಬ್ರವರಿ 2025

ಅಪ್ಪಾಜಿಗೆ ಶರಣು.

ಹಲ್ಲು ಕಚ್ಚಿ ಹಿಡಿದೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಓದಿ ನನಗೆ ಸಿಟ್ಟು ಬಂತು, ಅಳುವೂ ಬಂತು. ನಿಮ್ಮ ಪಂತದಲ್ಲಿ ಅವ್ವ ಏನಾಗಬೇಕು?

ಯಂತ್ರದ ಆಸೆಯ ಜೋರನ್ನು ತಗ್ಗಿಸಿದ್ದೇನೆ. ಕಣ್ಣಿಗೆ ಕಂಡದ್ದನ್ನು ಹೆಚ್ಚು ನಂಬು, ಬಯಸಿದ್ದನ್ನು ಕಡಿಮೆ ನಂಬು ಎಂದು ಕಲಿಸಿದ್ದೇನೆ. ಕೌಶಿಕ್ ಬಂದು ಹೊಸ ಪ್ರೋಗ್ರಾಂ ಹಾಕುತ್ತಾನೆ.

ಇಲ್ಲಿಯೂ ಪರಿಸ್ಥಿತಿ ಬಿಗಿಯಾಗಿದೆ. ಗೆರೆ ಸೊನ್ನೆಯಲ್ಲಿ ನಿಲ್ಲುವುದನ್ನು ಈ ತಿಂಗಳು ತೋರಿಸದಿದ್ದರೆ ಈ ಕೆಲಸವನ್ನೇ ಮುಚ್ಚುತ್ತೇವೆ ಎಂದು ನಮ್ಮ ಮುಖ್ಯಸ್ಥೆ ಸುಗುಣಾ ಮೇಡಂ ಹೇಳಿದ್ದಾರೆ. ತೋರಿಸಿದರೆ ಲ್ಯಾಬಿನಲ್ಲಿರುವ ಇಂಥದೇ ಇನ್ನೊಂದು ಯಂತ್ರ ಆಸ್ಪತ್ರೆಯ ವಾರ್ಡಿಗೆ ಹೋಗುತ್ತದೆ. ಅಲ್ಲಿ ಅಕ್ಷಯಾ ಎಂಬ ಹುಡುಗಿ ಕಾಯುತ್ತಿದ್ದಾಳೆ. ಸ್ಕೂಟರಿನಿಂದ ಬಿದ್ದು ಕೈಯ ಬಲ ಹೋಗಿದೆ. ಏನು ಮಾಡಬೇಕೆಂದಿದೆ ಎಂದು ಕೇಳಿದರೆ, ನನ್ನ ಮುಖ ನಾನೇ ಒರೆಸಿಕೊಳ್ಳಬೇಕು ಎಂದಳು.

ಕೋಮಲಾ


ಪೆರಂಬೂರು
17 ಫೆಬ್ರವರಿ 2025

ಚಿ. ಕೋಮಲಾಳಿಗೆ,

ಬಂತು.

ಮೂರು ದಿನದಿಂದ ಬೆಳಿಗ್ಗೆಯೇ ಪೂಜೆ ಮುಗಿಯುತ್ತಿದೆ. ಬಿಸಿ ರೊಟ್ಟಿ ತಿಂದೆ. ಅವ್ವ ಮೇಲಿನ ಮನೆಯ ಮಾಮಿಗೂ ಒಯ್ದು ಕೊಟ್ಟು, "ನಮ್ಮ ಹುಡುಗಿ ಮಾಡಿದ್ದು" ಎಂದು ಹೇಳಿಬಂದಳು. ರೊಟ್ಟಿಯನ್ನು ನೀನು ಮಾಡಿದ್ದು ಎಂದು ಮಾಮಿ ತಿಳಿದಿದ್ದಾಳೆ.

ಸುಗುಣಾ ಮೇಡಂಗೆ ಹೇಳು, ಮುಚ್ಚುವುದು ಬೇಡ.

ಮುರಿಗೆಪ್ಪ


ಶೋಳಿಂಗನಲ್ಲೂರ್
27 ಫೆಬ್ರವರಿ 2025

ಅಪ್ಪಾಜಿಗೆ ಶರಣು ಶರಣಾರ್ಥಿ.

ನಿನ್ನೆ ಶಿವರಾತ್ರಿಯ ಗೆರೆ ನೋಡಿದೆ. ಎಷ್ಟು ಚೆಂದ ಇಳಿಯಿತು ಗೊತ್ತೇ? ನಡುಗದೆ, ತಡವರಿಸದೆ ಇಳಿದು ಸೊನ್ನೆಯಲ್ಲಿ ಕೂತಿತು. ನಿಮ್ಮ ಸೆಳೆತ ಬಂದಾಗ ಒಂದು ಸಣ್ಣ ಗುಡ್ಡದಂತೆ ಎದ್ದು ಮತ್ತೆ ಮಲಗಿತು. ದೊಡ್ಡ ಪರದೆಯ ಮೇಲೆ ಹಾಕಿ ಎಲ್ಲರಿಗೂ ತೋರಿಸಿದೆ. ಸುಗುಣಾ ಮೇಡಂ ಎದ್ದುಬಂದು ನನ್ನ ಬೆನ್ನು ತಟ್ಟಿದರು. ಯಾರ ಮನೆಯಲ್ಲಿ ಇದು ನಡೆಯುತ್ತಿದೆ ಎಂದು ಒಬ್ಬರು ಕೇಳಿದರು. ನಮ್ಮ ಅಪ್ಪನ ಪೂಜೆ ಎಂದೆ.

ಇಲ್ಲಿ ಲ್ಯಾಬಿನಲ್ಲಿ ಗೊಂಬೆಯೊಂದನ್ನು ಕೂಡ್ರಿಸಿಕೊಂಡು ಇದೇ ಪ್ರೋಗ್ರಾಂ ಓಡಿಸಿದರೆ ಮಾತ್ರ ಯಂತ್ರ ಇನ್ನೂ ಹಟ ಮಾಡುತ್ತದೆ. ಗೊಂಬೆಯ ಮುಖ ಪ್ಲಾಸ್ಟಿಕ್ಕು, ದೀಪಕ್ಕೆ ಹೊಳೆಯುತ್ತದೆ, ಕ್ಯಾಮೆರಾ ದಾರಿ ತಪ್ಪುತ್ತದೆ ಎಂದು ನಾನು ತಿಳಿದಿದ್ದೇನೆ. ನಿಮ್ಮ ಅಪ್ಪನ ಪೂಜೆಯ ಪುಣ್ಯ ಗೊಂಬೆಗೆಲ್ಲಿಂದ ಬರಬೇಕು ಎಂದು ಕೌಶಿಕ್ ತಮಾಷೆ ಮಾಡುತ್ತಾನೆ.

ವಾರ್ಡಿನ ದಿನ ಗೊತ್ತಾಗಿದೆ, ಮಾರ್ಚ್ ಹದಿಮೂರು. ನಿಮ್ಮ ಕತ್ತು ನೋವಿಗೆ ಅವ್ವ ದಿನವೂ ಎಣ್ಣೆ ತಿಕ್ಕುತ್ತಿದ್ದಾಳಂತೆ, ಫೋನಿನಲ್ಲಿ ಹೇಳಿದಳು. ದಿಂಬು ಬದಲಿಸಿ.

ಕೋಮಲಾ


ಪೆರಂಬೂರು
5 ಮಾರ್ಚ್ 2025

ಚಿ. ಕೋಮಲಾಳಿಗೆ,

ನಿನ್ನ ಉದ್ದದ ಕಾಗದವನ್ನು ಅವ್ವ ಎರಡು ಸಲ ಓದಿಸಿಕೊಂಡಳು. ಕತ್ತಿಗೆ ಏನೂ ಆಗಿಲ್ಲ. ದಿಂಬು ಬದಲಿಸಿದ್ದೇನೆ.

ಮುರಿಗೆಪ್ಪ


ಶೋಳಿಂಗನಲ್ಲೂರ್
14 ಮಾರ್ಚ್ 2025

ಅಪ್ಪಾಜಿ,

ನಿನ್ನೆ ವಾರ್ಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ, ಪೂರ್ತಿ ಓದಿ.

ಅಕ್ಷಯಾಳ ಕೈಯಲ್ಲಿ ಒದ್ದೆ ಕರವಸ್ತ್ರ ಇಟ್ಟೆವು. ಯಂತ್ರ ಕೈಯನ್ನು ಎತ್ತಿತು. ಎದೆ ದಾಟಿತು, ಗದ್ದದ ಹತ್ತಿರ ಬಂತು, ನಿಂತಿತು. ಹಸಿರು ದೀಪ ಹತ್ತಿತು. ದೀಪ ಕಂಡು ಬಾಗಿಲ ಬಳಿ ನಿಂತಿದ್ದ ಅವಳ ತಾಯಿ ಚಪ್ಪಾಳೆ ತಟ್ಟಿದರು, ನರ್ಸುಗಳೂ ತಟ್ಟಿದರು. ಅಕ್ಷಯಾ ಕಣ್ಣು ಮಾತ್ರ ಕೆಳಗೆ ಮಾಡಿ ತನ್ನ ಕೈಯನ್ನು ನೋಡಿದಳು. ಅವಳ ಕತ್ತಿನ ಮೂಳೆ ಮುರಿದಿದೆ, ಸುತ್ತಲೂ ಪಟ್ಟಿ ಹಾಕಿದ್ದಾರೆ, ಕತ್ತನ್ನು ಅಲುಗಿಸುವಂತಿಲ್ಲ. ಕಾದು ಕಾದು, "ಇನ್ನುಂ ವರಲೈ, ಅಕ್ಕಾ" ಎಂದಳು. ಇನ್ನೂ ಬಂದಿಲ್ಲ ಅಂತ. ಚಪ್ಪಾಳೆ ನಿಂತಿತು.

ಕರವಸ್ತ್ರದ ನೀರು ಅವಳ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ತಾಯಿಯೇ ಬಂದು ಮುಖ ಒರೆಸಿದರು.

ವಾಪಸು ಬಂದು, ಚಿತ್ರಗಳು ಅಳಿಸಿದರೂ ನಿಮ್ಮ ಮನೆಯ ಯಂತ್ರದಲ್ಲಿ ಉಳಿದಿದ್ದ ಅಳತೆಯ ಲೆಕ್ಕಗಳನ್ನೆಲ್ಲ ತೆಗೆದೆ. ನಾನು ಇಷ್ಟು ದಿನ ನೋಡಿದ್ದು ಅಂತರದ ಗೆರೆಯನ್ನು ಮಾತ್ರ. ಅಂತರ ಎರಡು ಕಡೆಯಿಂದಲೂ ಕಡಿಮೆಯಾಗಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಈಗ ಅಂಗೈಗೆ ಬೇರೆ, ಮುಖಕ್ಕೆ ಬೇರೆ ಗೆರೆ ಬರೆಸಿದೆ. ಅಂಗೈಯ ಗೆರೆ ಏರಿ ಕೆಳಗೆಯೇ ನಿಲ್ಲುತ್ತದೆ, ಮೊದಲಿನಂತೆಯೇ. ಆಮೇಲೆ ಎರಡನೆಯ ಗೆರೆ ಮೆಲ್ಲಗೆ ಇಳಿದುಬಂದು ಅದನ್ನು ಕೂಡುತ್ತದೆ. ಪ್ರತಿ ದಿನವೂ ಹೀಗೇ ಆಗಿದೆ, ಶಿವರಾತ್ರಿಯ ದಿನವೂ.

ಎರಡನೆಯ ಗೆರೆ ನೀವು.

ಸಹಾಯ ಮಾಡಬೇಡಿ ಎಂದಿದ್ದೆ. ಕತ್ತು ನೆಟ್ಟಗಿರಬೇಕು, ಗುರುಗಳು ಹಾಗೇ ಕಲಿಸಿದ್ದಾರೆ ಎಂದು ನೀವೇ ಬರೆದಿದ್ದಿರಿ. ಆ ಮಾತನ್ನು ನಂಬಿ ಮುಖದ ಕಡೆ ನೋಡಲಿಲ್ಲ. ನೋಡಬಾರದು ಎಂದು ಕರಾರು ಬೇರೆ. ಯಾಕೆ ಹೀಗೆ ಮಾಡಿದಿರಿ? ಆ ಹುಡುಗಿಗೆ ಏನು ಹೇಳಲಿ?

ಕೋಮಲಾ


ಪೆರಂಬೂರು
18 ಮಾರ್ಚ್ 2025

ಚಿ. ಕೋಮಲಾಳಿಗೆ,

ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಈ ಸಲ ಅದು ಪಂತವಲ್ಲ.

ಹೊಸ ಪ್ರೋಗ್ರಾಂ ಹಾಕಿದ ದಿನ ಕೈ ಮೊದಲಿಗಿಂತ ತುಸು ಮೇಲಕ್ಕೆ ಬಂದು ನಿಂತಿತು. ಪಾಪ, ಇಷ್ಟು ಬಂದಿದೆ, ಉಳಿದದ್ದನ್ನು ನಾನೇ ಹೋದರಾಯಿತು ಅನಿಸಿತು. ಬಗ್ಗಿದೆ. ಅವ್ವ ಒಳಗಿನಿಂದ ಓಡಿಬಂದು "ಬಂತೇನ್ರೀ?" ಎಂದಳು. ಅವಳ ಮುಖ ನೋಡಿ ಹೂಂ ಅಂದುಬಿಟ್ಟೆ. ಮರುದಿನ ಬೇಡವೆಂದುಕೊಂಡೆ, ಆದರೆ ನಿಮ್ಮ ಕೆಲಸ ಮುಚ್ಚುತ್ತಾರೆ ಎಂದು ನೀನು ಬರೆದದ್ದು ನೆನಪಾಯಿತು. ಆಮೇಲೆ ಆ ಉದ್ದದ ಕಾಗದ ಬಂತು. ಅಷ್ಟು ಖುಷಿಯ ಕಾಗದವನ್ನು ನೀನು ನನಗೆ ಯಾವತ್ತೂ ಬರೆದಿರಲಿಲ್ಲ. ಇನ್ನು ಕತ್ತು ಮೇಲಕ್ಕೆ ಹೇಗೆ ಎತ್ತಲಿ?

ಅಕ್ಷಯಾಳ ಕೈಗೆ ಬಲವಿಲ್ಲವೆಂದು ನೀನು ಬರೆದಿದ್ದೆ, ಕತ್ತೂ ಅಲುಗದೆಂದು ಬರೆದಿರಲಿಲ್ಲ. ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಹೇಳುತ್ತಿದ್ದೆ ಎಂದೇ ಅಂದುಕೊಳ್ಳುತ್ತೇನೆ.

ಇದರಲ್ಲಿ ನನ್ನ ಪೂಜೆಯೂ ಕೆಟ್ಟಿತು. ದೃಷ್ಟಿ ಲಿಂಗದ ಮೇಲೆ, ಮನಸ್ಸು ಹಸಿರು ದೀಪದ ಮೇಲೆ. ನಿನ್ನ ಮುಂದೆ ಬಗ್ಗದ ಕತ್ತು ನಿನ್ನ ಯಂತ್ರದ ಮುಂದೆ ಬಗ್ಗಿತು ನೋಡು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದೆ.

ಯಂತ್ರವನ್ನು ಒಯ್ಯಬೇಡ. ಅಕ್ಷಯಾಳ ಮೇಲೆ ಪರೀಕ್ಷೆ ಮಾಡುವುದಕ್ಕಿಂತ ನನ್ನ ಮೇಲೆ ಮಾಡು. ನನ್ನ ತಲೆಯನ್ನು ಕುರ್ಚಿಯ ಬೆನ್ನಿಗೆ ಶಾಲಿನಿಂದ ಕಟ್ಟಲು ಅವ್ವನಿಗೆ ಹೇಳಿದ್ದೇನೆ. ಬಗ್ಗಬೇಕೆಂದರೂ ಬಗ್ಗಲಾಗದು.

ನೋಡಬಾರದು ಎಂಬ ಕರಾರನ್ನು ಬಿಟ್ಟಿದ್ದೇನೆ. ಶೋಳಿಂಗನಲ್ಲೂರಿನಿಂದ ಅಲ್ಲ, ಇಲ್ಲಿಗೇ ಬಂದು ನೋಡು.

ಮುರಿಗೆಪ್ಪ


ಶೋಳಿಂಗನಲ್ಲೂರ್
21 ಮಾರ್ಚ್ 2025

ಅಪ್ಪಾಜಿಗೆ ಶರಣು.

ಸುಗುಣಾ ಮೇಡಂಗೆ ಎಲ್ಲವನ್ನೂ ಹೇಳಿದೆ. ಬೈದರು, ಆಮೇಲೆ ಏಪ್ರಿಲ್ ಮುಗಿಯುವವರೆಗೆ ಸಮಯ ಕೊಟ್ಟರು. ತಪ್ಪು ನನ್ನದು ಎಂದರು, ಅದು ನಿಜವೇ. ಆಸೆಯ ಜೋರನ್ನು ತಗ್ಗಿಸಿದ್ದು ಸಾಲದು. ಕೈ ಎಲ್ಲಿದೆ ಎಂದು ನೋಡುವ ಕೆಲಸಕ್ಕೂ ಎಲ್ಲಿರಬೇಕು ಎಂದು ಬಯಸುವ ಕೆಲಸಕ್ಕೂ ನಡುವೆ ಪೂರ್ತಿ ಗೋಡೆ ಹಾಕುತ್ತಿದ್ದೇನೆ. ನೋಡುವಾಗ ಆಸೆ ಅಲ್ಲಿ ಕಾಲಿಡಬಾರದು.

ಭಾನುವಾರ ಬರುತ್ತೇನೆ. ನನ್ನದೂ ಒಂದು ಕರಾರಿದೆ. ಯಂತ್ರ ತಲುಪದ ದಿನ ನೀವು ಹಸಿದು ಕೂಡುವಂತಿಲ್ಲ. ತಲುಪದಿದ್ದರೆ ನಿಮ್ಮ ಕೈಯ ಕೆಳಗೆ ನಾನು ಕೈ ಕೊಡುತ್ತೇನೆ. ಲಿಂಗವನ್ನು ಮುಟ್ಟುವುದಿಲ್ಲ. ನಿಮ್ಮನ್ನು ಒಪ್ಪಿಸಲೆಂದು ನನ್ನ ಲಿಂಗವನ್ನು ಕೊರಳಿಗೆ ಕಟ್ಟಿಕೊಂಡೂ ಬರುವುದಿಲ್ಲ. ಇದ್ದ ಹಾಗೆ ಬರುತ್ತೇನೆ. ಒಪ್ಪಿಗೆಯಿದ್ದರೆ ಈ ಕಾಗದ ತಂದ ಕೌಶಿಕ್ ಕೈಯಲ್ಲೇ ಉತ್ತರ ಕಳಿಸಿ. ಇಲ್ಲದಿದ್ದರೆ ಅವನನ್ನೇ ಭಾನುವಾರ ಕಳಿಸುತ್ತೇನೆ.

ಕೋಮಲಾ


ಪೆರಂಬೂರು
21 ಮಾರ್ಚ್ 2025

ಚಿ. ಕೋಮಲಾಳಿಗೆ,

ಹೂಂ.

ರೊಟ್ಟಿ ಮಾಡಲೋ ಇಡ್ಲಿ ಮಾಡಲೋ ಎಂದು ಅವ್ವ ಕೇಳುತ್ತಾಳೆ.

ಮುರಿಗೆಪ್ಪ


ಪೆರಂಬೂರು
13 ಏಪ್ರಿಲ್ 2025

ಚಿ. ಕೋಮಲಾಳಿಗೆ,

ವಾರ್ಡಿನ ತಯಾರಿಗೆಂದು ನೀನು ಈ ಭಾನುವಾರ ಅಲ್ಲೇ ಉಳಿದೆ, ಆದ್ದರಿಂದ ಮತ್ತೆ ಕಾಗದ. ಈ ವಾರ ಪೂರ್ತಿ ಶಾಲು ಬಿಗಿಯಾಗಿ ಕಟ್ಟಿಸಿಕೊಂಡು ಕೂತೆ. ಕೈ ತಾನೇ ಬಂತು. ಮೊದಲಿಗಿಂತ ನಿಧಾನ, ಮಧ್ಯದಲ್ಲಿ ಒಮ್ಮೆ ನಿಂತು ಯೋಚನೆ ಮಾಡಿದ ಹಾಗೆ ಮಾಡುತ್ತದೆ. ಆದರೆ ಬರುವವರೆಗೆ ದೀಪ ಹಚ್ಚುವುದಿಲ್ಲ. ನಿನ್ನೆ ಅವ್ವ ಪಕ್ಕದಲ್ಲಿ ನಿಂತು ಬೆರಳು ಅಡ್ಡ ಹಿಡಿದು ನೋಡಿದಳು, ಒಂದು ಕೂದಲೆಳೆಯೂ ಕಡಿಮೆಯಿಲ್ಲ. ಇನ್ನು ಧೈರ್ಯವಾಗಿ ಅಕ್ಷಯಾಳ ಬಳಿಗೆ ಒಯ್ಯು.

ಒಯ್ಯುವ ಮುಂಚೆ ಒಂದು ಕೆಲಸವಿದೆ. ನೀನು ಮೊದಲು ಬಂದ ಭಾನುವಾರ ಯಂತ್ರ ಒಂದು ಬೆರಳು ಕೆಳಗೆ ನಿಂತಿತ್ತು. ನನಗೆ ಬಗ್ಗಲು ಆಗುತ್ತಿರಲಿಲ್ಲ. ಕಣ್ಣು ಲಿಂಗದ ಮೇಲೆ ಇರಬೇಕಾದದ್ದು ನಿನ್ನ ಕಡೆ ಹೋಯಿತು. ನೀನು ನೆಲದ ಮೇಲೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ, ಎಲ್ಲಿ ಮುಟ್ಟಿಬಿಡುತ್ತೇನೋ ಎನ್ನುವ ಹಾಗೆ. ಕರಾರು ಮಾಡಿಕೊಂಡು ಬಂದವಳಾದರೂ ನಾನು ಹೇಳಲಿ ಎಂದು ನೀನು ಕಾಯುತ್ತಿದ್ದೆ. "ಹಿಡಿಯವ್ವಾ" ಎಂದೆ. ಬಾಯಿ ತೊದಲಿತು. ನೀನು ಏನು ಎಂದು ಕೇಳದೆ ಬಂದು ಹಿಡಿದೆ. ನಿನ್ನ ಅಂಗೈ ಬೆಚ್ಚಗಿತ್ತು. ಆವತ್ತಿನ ಪೂಜೆ ನನಗೆ ಚೆನ್ನಾಗಿ ಆಯಿತು.

ಆ ದಿನದ ಅಂಗೈಯ ಗೆರೆ ನಿಮ್ಮ ಲೆಕ್ಕದಲ್ಲಿ ಏರಬೇಕಾದಲ್ಲಿಗೆ ಏರಿ ಕೂತಿರುತ್ತದೆ. ಅದನ್ನು ತೆಗೆದುಹಾಕು. ಸುಗುಣಾ ಮೇಡಂ ಕೇಳಿದರೆ ಆ ದಿನ ಯಂತ್ರ ತಲುಪಲಿಲ್ಲ ಎಂದೇ ಹೇಳು. ಆ ಹುಡುಗಿಯ ಹತ್ತಿರ ಹೋಗುವುದರಲ್ಲಿ ನನ್ನ ಕತ್ತೂ ಇರಬಾರದು, ನಿನ್ನ ಕೈಯೂ ಇರಬಾರದು.

ಬರುವ ಭಾನುವಾರ ಬಾ. ಯಂತ್ರ ಸರಿಯಾಗಿದೆ, ಆದರೂ ಬಾ.

ನಿನ್ನ ಅಪ್ಪ
ಮುರಿಗೆಪ್ಪ